ಮೂರು ರಾಜ್ಯಗಳ ಒಡತಿ: ಮಾರ್ಗರೇಟ್ ರಾಣಿ

2024ನೆಯ ಇಸವಿಯ ಮಾರ್ಚ್ 7ರಂದು ಸ್ವೀಡನ್ ದೇಶವು ನೇಟೊ ಒಕ್ಕೂಟವನ್ನು ಸೇರಿತು. ಅದಕ್ಕೆ ಹಿಂದಿನ ವರ್ಷದ ಏಪ್ರಿಲ್ 4ರಂದು ಫಿನ್ಲೆಂಡ್ ಸೇರಿತ್ತು. ಡೆನ್ಮಾರ್ಕ್, ನಾರ್ವೆ, ಐಸ್ಲೆಂಡ್‌ಗಳು 1949ರಿಂದಲೂ ಅದರ ಸದಸ್ಯರು. ಹೀಗೆ ಯುರೋಪಿನ ಉತ್ತರದಲ್ಲಿರುವ ಐದು ನೆರೆರಾಜ್ಯಗಳೂ ಒಂದೇ ಕೊಡೆಯ ಕೆಳಗೆ ಬಂದು ನಿಂತುವು. ಇದು ಹಿಂದೆಂದೂ ಆಗದ ಸಂಗತಿಯೆಂದು ಅನೇಕರು ಭಾವಿಸಿದರು. ಆದರೆ ಡೆನ್ಮಾರ್ಕಿನ ರೋಸ್ಕಿಲ್ಡೆ ನಗರದ ಮಹಾದೇವಾಲಯದಲ್ಲಿ, ಪೂಜಾವೇದಿಕೆಯ ಹಿಂಬದಿಯಲ್ಲಿ, ಒಬ್ಬ ಹೆಂಗಸಿನ ಸಮಾಧಿಯಿದೆ. ಆಕೆಯ ಪ್ರತಿಮೆಯು ಕೈಮುಗಿದು ಮಲಗಿರುವ ಭಂಗಿಯಲ್ಲಿದೆ. ಈ ಎಲ್ಲ ದೇಶಗಳನ್ನೂ ಆರು ಶತಮಾನಗಳ ಹಿಂದೆಯೇ ಒಂದು ಆಳ್ವಿಕೆಯ ಕೆಳಗೆ ತಂದವಳು ಈಕೆ. ಈಕೆಯ ಬಾಳನ್ನು ನಮ್ಮ ಓದುಗರ ಮುಂದಿಡುವುದು ಕೇವಲ ಕುತೂಹಲಕ್ಕಾಗಿ ಅಲ್ಲ. ನೆರೆಹೊರೆಯವರು ಏಕೆ ಕೂಡುತ್ತಾರೆ, ಕೂಡಿದವರು ಏಕೆ ಅಗಲುತ್ತಾರೆ ಎಂಬೆರಡು ಪ್ರಶ್ನೆಗಳಿಗೂ ಈ ಒಂದೇ ಚರಿತ್ರೆಯಲ್ಲಿ ಉತ್ತರವಿರುವುದೆಂದು ನಾವು ತಿಳಿದಿದ್ದೇವೆ.

ಮಾರ್ಗರೇಟ್ ಹುಟ್ಟಿದ್ದು 1353ರ ಮಾರ್ಚ್ ತಿಂಗಳಿನಲ್ಲಿ, ಡೆನ್ಮಾರ್ಕಿನ ಸೋಬೋರ್ಗ್ ಕೋಟೆಯಲ್ಲಿ. ತಂದೆ ನಾಲ್ವಡಿ ವಾಲ್ಡೆಮಾರ್ ದೊರೆ. ತಾಯಿ ಶ್ಲೆಸ್ವಿಗ್ ಮನೆತನದ ಹೆಲ್ವಿಗ್. ಮಗಳು ಹುಟ್ಟುವುದಕ್ಕೆ ಕೆಲವೇ ವರ್ಷಗಳ ಹಿಂದೆ ಮಹಾಮಾರಿಯು ಆ ನಾಡುಗಳನ್ನು ಉಜ್ಜಿಹಾಕಿತ್ತು. ನಾರ್ವೆಯಲ್ಲಂತೂ ಊರಿಗೆ ಊರೇ ಬರಿದಾಗಿ, ಗದ್ದೆಗಳು ಬೀಳುಬಿದ್ದು, ಅರಸನಿಗೆ ಕಂದಾಯ ಕೊಡುವ ಒಕ್ಕಲೇ ಇಲ್ಲದಂತಾಗಿತ್ತು. ಡೆನ್ಮಾರ್ಕಿನ ಪಾಡು ಇನ್ನೊಂದು ಬಗೆಯದು. ವಾಲ್ಡೆಮಾರನು 1340ರಲ್ಲಿ ಪಟ್ಟಕ್ಕೆ ಬರುವ ಮುನ್ನ ಎಂಟು ವರ್ಷಗಳ ಕಾಲ ಆ ದೇಶಕ್ಕೆ ಅರಸನೇ ಇರಲಿಲ್ಲ. ಸೀಮೆ ಸೀಮೆಯಾಗಿ ರಾಜ್ಯವೆಲ್ಲವೂ ಹೋಲ್‌ಸ್ಟೈನಿನ ಜರ್ಮನ್ ಪ್ರಭುಗಳಲ್ಲಿ ಒತ್ತೆ ಬಿದ್ದಿತ್ತು. ಸಾಲ ತೀರಿಸಿ ಕೆಲವನ್ನು, ಕತ್ತಿ ಹಿರಿದು ಕೆಲವನ್ನು ಬಿಡಿಸಿಕೊಳ್ಳುವುದರಲ್ಲಿಯೇ ಆ ದೊರೆಯ ಆಯುಷ್ಯ ಸವೆಯಿತು. ಒತ್ತೆಯಿಟ್ಟ ರಾಜ್ಯವೆಂದರೇನು ಎಂಬುದನ್ನು ಮಗಳು ತಂದೆಯ ಮನೆಯಲ್ಲಿಯೇ ಕಂಡಳು. ಆ ಪಾಠವನ್ನು ಆಕೆ ಸಾಯುವತನಕ ಮರೆಯಲಿಲ್ಲ.

ಆ ಕಾಲದಲ್ಲಿ ಉತ್ತರದೇಶಗಳ ಗಂಟಲನ್ನು ಹಿಡಿದಿದ್ದ ಶಕ್ತಿ ಯಾವುದೆಂಬುದನ್ನು ಇಲ್ಲಿ ಹೇಳಲೇಬೇಕು. ಅದು ಯಾವ ಚಕ್ರವರ್ತಿಯೂ ಅಲ್ಲ. ಲ್ಯೂಬೆಕ್ ನಗರವನ್ನು ಮುಂದಿಟ್ಟುಕೊಂಡಿದ್ದ ಜರ್ಮನ್ ವ್ಯಾಪಾರಿ ಪಟ್ಟಣಗಳ ಕೂಟ, ಅಂದರೆ ಹಾನ್ಸ ಒಕ್ಕೂಟ. ಸ್ಕೋನೆಯ ಕರಾವಳಿಗೆ ವರ್ಷವರ್ಷವೂ ಹಿಂಡುಹಿಂಡಾಗಿ ಬರುತ್ತಿದ್ದ ಹೆರಿಂಗ್ ಮೀನೇ ಡೆನ್ಮಾರ್ಕಿನ ಐಶ್ವರ್ಯ. ನಮ್ಮ ಕರಾವಳಿಯ ಬೂತಾಯಿಗೆ ದಾಯಾದಿಯಾದ ಈ ಮೀನು ಉಪ್ಪಿಲ್ಲದೆ ಕೆಲವು ದಿನವೂ ಕೆಡದೆ ಉಳಿಯದು. ಆ ಉಪ್ಪು ಲ್ಯೂನೆಬರ್ಗಿನ ಗಣಿಯಿಂದ ಲ್ಯೂಬೆಕ್ಕಿನ ಮೂಲಕವೇ ಬರಬೇಕು. ನಾರ್ವೆಗೆ ಮೀನಿತ್ತು, ಕಾಳಿರಲಿಲ್ಲ. ಬರ್ಗೆನ್ ಬಂದರಕ್ಕೆ ಬಾಲ್ಟಿಕ್ ತೀರದಿಂದ ಧಾನ್ಯವನ್ನು ತರುವವರೂ ಅದೇ ವ್ಯಾಪಾರಿಗಳು. 1284ರಲ್ಲಿ ಜಗಳ ಬಂದಾಗ ಅವರು ಕತ್ತಿಯನ್ನೇ ನೆಚ್ಚಿ ಕೂರಲಿಲ್ಲ. ಧಾನ್ಯದ ಹಡಗುಗಳನ್ನು ನಿಲ್ಲಿಸಿದರು. ಹಸಿವು ತಾಳಲಾರದೆ ನಾರ್ವೆಯ ಅರಸನು ತಲೆಬಾಗಿದನು. ಅನ್ನವೂ ಉಪ್ಪೂ ಪರರ ಕೈಯಲ್ಲಿರುವಾಗ ಕಿರೀಟವು ತನ್ನ ತಲೆಯ ಮೇಲಿದ್ದು ಪ್ರಯೋಜನವೇನು?

ಆರು ವರ್ಷದ ಮಾರ್ಗರೇಟಳಿಗೆ ನಾರ್ವೆಯ ಯುವ ಅರಸ ಹಾಕೋನನೊಡನೆ ನಿಶ್ಚಿತಾರ್ಥವಾಯಿತು. 1363ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಕೋಪನ್‌ಹೇಗನ್ನಿನಲ್ಲಿ ಮದುವೆ ನಡೆಯಿತು. ಮದುಮಗನಿಗೆ ಇಪ್ಪತ್ತಮೂರರ ಸುಮಾರು. ಅದೇ ವರ್ಷ ಆಕೆಯ ಅಣ್ಣನು ತೀರಿಹೋದುದರಿಂದ ಡೆನ್ಮಾರ್ಕಿನ ಪಟ್ಟಕ್ಕೆ ಗಂಡು ವಾರಸುದಾರನಿಲ್ಲದಂತಾಯಿತು. ಹುಡುಗಿ ನಾರ್ವೆಗೆ ಹೋದಳು. ಸ್ವೀಡನ್ನಿನ ಸಂತಳೆಂದು ಪ್ರಸಿದ್ಧಳಾದ ಬ್ರಿಗಿಟ್ಟಾ ತಾಯಿಯ ಮಗಳು ಮೆರ್ತಾ ಎಂಬಾಕೆಯ ಮೇಲ್ವಿಚಾರಣೆಯಲ್ಲಿ, ಕಟ್ಟುನಿಟ್ಟಾದ ಶಿಸ್ತಿನಲ್ಲಿ ಬೆಳೆದಳು. ಹೀಗೆ ಹುಟ್ಟಿನಿಂದ ಡೇನಳಾದವಳು ಸ್ವೀಡನ್ನಿನವಳ ಕೈಯಲ್ಲಿ ಬೆಳೆದು ನಾರ್ವೆಗೆ ರಾಣಿಯಾದಳು. ಮೂರು ನಾಡಿನ ನುಡಿಯೂ ನಡೆಯೂ ಆಕೆಗೆ ಎಳವೆಯಲ್ಲಿಯೇ ಮನೆಯ ಮಾತಾದುವು.

ರಾಣಿಯೆಂಬ ಹೆಸರಿದ್ದರೂ ಸುಖವಿರಲಿಲ್ಲ. ಓಸ್ಲೋದ ಆಕರ್ಸ್‌ಹೂಸ್ ಕೋಟೆಯಿಂದ 1370ರ ಸುಮಾರಿನಲ್ಲಿ ಆಕೆ ಗಂಡನಿಗೆ ಬರೆಸಿದ ಒಂದು ಕಾಗದ ಇಂದಿಗೂ ಉಳಿದಿದೆ. ತನಗೂ ತನ್ನ ಆಳುಕಾಳುಗಳಿಗೂ ಊಟಕ್ಕೆ ತತ್ವಾರವಾಗಿದೆಯೆಂದೂ, ವ್ಯಾಪಾರಿಯು ಕಡ ಕೊಡುವಂತೆ ಏರ್ಪಾಡು ಮಾಡಬೇಕೆಂದೂ ಹದಿನೇಳರ ಆ ಗೃಹಿಣಿ ಅದರಲ್ಲಿ ಬೇಡಿಕೊಂಡಿದ್ದಾಳೆ. ಆ ವರ್ಷದ ಕೊನೆಗೆ ಓಲಾಫನೆಂಬ ಮಗನು ಹುಟ್ಟಿದನು; ಅವನೇ ಆಕೆಯ ಏಕಮಾತ್ರ ಸಂತಾನ. ಅದೇ 1370ರಲ್ಲಿ ಆಕೆಯ ತಂದೆಯು ಹಾನ್ಸ ಪಟ್ಟಣಗಳೊಡನೆ ನಡೆದ ಯುದ್ಧದಲ್ಲಿ ಸೋತಿದ್ದನು. ಸ್ಟ್ರಾಲ್‌ಸುಂಡಿನ ಸಂಧಿಯಂತೆ ಸ್ಕೋನೆಯ ನಾಲ್ಕು ಕೋಟೆಗಳೂ ಅಲ್ಲಿಯ ಉತ್ಪನ್ನದ ಮೂರರಲ್ಲಿ ಎರಡು ಪಾಲೂ 15 ವರ್ಷಗಳ ಅವಧಿಗೆ ಆ ವ್ಯಾಪಾರಿಗಳ ಕೈಸೇರಿದುವು. ಅತ್ತ ಸ್ವೀಡನ್ನಿನಲ್ಲಿ ಹಾಕೋನನ ತಂದೆಯನ್ನು ತಳ್ಳಿಹಾಕಿ ಮೆಕ್ಲೆನ್‌ಬರ್ಗಿನ ಆಲ್‌ಬ್ರೆಕ್ಟ್ ಎಂಬ ಜರ್ಮನ್ ರಾಜಕುಮಾರನು 1364ರಲ್ಲಿಯೇ ಸಿಂಹಾಸನವನ್ನೇರಿದ್ದನು. ಮೂರು ರಾಜ್ಯಗಳೂ ಒಂದೊಂದಾಗಿ ಸೋತಿದ್ದುವು. ಮೂವರನ್ನೂ ಸೋಲಿಸಿದುದು ದಕ್ಷಿಣದ ಒಂದೇ ಕರಾವಳಿ.

1375ರ ಅಕ್ಟೋಬರಿನಲ್ಲಿ ವಾಲ್ಡೆಮಾರನು ಮಡಿದನು. ಅಕ್ಕನ ಮಗನೂ ಮೆಕ್ಲೆನ್‌ಬರ್ಗ್ ಮನೆತನದವನೂ ಆದ ಇನ್ನೊಬ್ಬ ಆಲ್‌ಬ್ರೆಕ್ಟನು ಪಟ್ಟಕ್ಕೆ ಹಕ್ಕುಸಾಧಿಸಿದನು. ಮಾರ್ಗರೇಟ್ ತಡಮಾಡಲಿಲ್ಲ. ಡೆನ್ಮಾರ್ಕಿಗೆ ಬಂದು ಸರದಾರರನ್ನೂ ಧರ್ಮಾಧಿಕಾರಿಗಳನ್ನೂ ಒಬ್ಬೊಬ್ಬರನ್ನಾಗಿ ಒಲಿಸಿಕೊಂಡು, 1376ರಲ್ಲಿ ಐದು ವರ್ಷದ ಓಲಾಫನನ್ನೇ ಅರಸನನ್ನಾಗಿ ಆರಿಸುವಂತೆ ಮಾಡಿದಳು. 1380ರಲ್ಲಿ ಹಾಕೋನನು ತೀರಿಕೊಂಡುದರಿಂದ ನಾರ್ವೆಯ ಪಟ್ಟವೂ ಅದೇ ಬಾಲಕನಿಗೆ ಬಂದಿತು. ಆಡಳಿತದ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. 1385ರಲ್ಲಿ ಅವಧಿ ಮುಗಿದೊಡನೆ ಸ್ಕೋನೆಯ ನಾಲ್ಕು ಕೋಟೆಗಳನ್ನೂ ಆಕೆ ಹಾನ್ಸದವರಿಂದ ಯುದ್ಧವಿಲ್ಲದೆಯೇ ಮರಳಿ ಪಡೆದಳು. ತಂದೆಯು ಕತ್ತಿಯಿಂದ ಕಳೆದುಕೊಂಡುದನ್ನು ಮಗಳು ತಾಳ್ಮೆಯಿಂದ ಗಳಿಸಿದಳೆಂದು ಹೇಳಬಹುದು.

ಇನ್ನೇನು ಮಗನು ಪ್ರಾಯಕ್ಕೆ ಬಂದನೆನ್ನುವಷ್ಟರಲ್ಲಿ ಸಿಡಿಲೆರಗಿತು. 1387ರ ಆಗಸ್ಟ್ 3ರಂದು ಹದಿನಾರು ವರ್ಷದ ಓಲಾಫನು ಫಾಲ್‌ಸ್ಟರ್‌ಬೋ ಕೋಟೆಯಲ್ಲಿ ಅಕಸ್ಮಾತ್ತಾಗಿ ಸತ್ತನು. ಗಂಡನಿಲ್ಲ, ತಂದೆಯಿಲ್ಲ, ಮಗನಿಲ್ಲ. ಹೆಣ್ಣು ತನ್ನ ಹಕ್ಕಿನಿಂದಲೇ ಆಳಬಹುದೆಂಬ ಕಟ್ಟಳೆಯೂ ಆ ದೇಶಗಳಲ್ಲಿರಲಿಲ್ಲ. ಬೇರೆ ಯಾರಾದರೂ ಮಠವನ್ನು ಸೇರುತ್ತಿದ್ದರು. ಆದರೆ ಮಗನು ಸತ್ತ ಏಳನೆಯ ದಿನ, ಆಗಸ್ಟ್ 10ರಂದು, ಲುಂಡ್ ನಗರದಲ್ಲಿ ಸೇರಿದ ಸಭೆಯು ಮಾರ್ಗರೇಟಳನ್ನು ದೇಶದ ಸರ್ವಾಧಿಕಾರವುಳ್ಳ ಒಡತಿಯೂ ಯಜಮಾನನೂ ಪಾಲಕಿಯೂ ಎಂದು ಸಾರಿತು. ಮನೆಯ ಗಂಡಸು ಹೊರುವ ಹೆಸರನ್ನೇ ಹೆಂಗಸಿಗೆ ಕೊಟ್ಟು, ಇಲ್ಲದ ಕಾನೂನಿನ ಕೊರತೆಯನ್ನು ಆ ಸಭೆ ತುಂಬಿಕೊಂಡಿತು. ಮುಂದಿನ ಫೆಬ್ರವರಿಯಲ್ಲಿ ನಾರ್ವೆಯೂ ಹಾಗೆಯೇ ಮಾಡಿತು. ಆ ಏಳು ದಿನಗಳಲ್ಲಿ ಆ ತಾಯಿಯ ಒಡಲಲ್ಲಿ ಏನೇನು ನಡೆಯಿತೆಂಬುದನ್ನು ಯಾವ ಬಖೈರೂ ಬರೆದಿಟ್ಟಿಲ್ಲ. ಹದಿನೈದು ವರ್ಷಗಳ ತರುವಾಯ, 1402ರಲ್ಲಿ, ತಾನೇ ಸಾಯದೆ ಉಳಿದ ಓಲಾಫನೆಂದು ಹೇಳಿಕೊಂಡು ಒಬ್ಬನು ಎದ್ದುಬಂದಾಗ, ಅವನನ್ನು ವಂಚಕನೆಂದು ತೀರ್ಮಾನಿಸಿ ಸುಟ್ಟುಹಾಕಲಾಯಿತೆಂಬುದನ್ನು ಮಾತ್ರ ನಾವು ಬಲ್ಲೆವು.

ಸ್ವೀಡನ್ನಿನ ಸರದಾರರಿಗೆ ತಾವೇ ತಂದಿಟ್ಟುಕೊಂಡ ಆಲ್‌ಬ್ರೆಕ್ಟನು ಅಷ್ಟರಲ್ಲಿ ಬೇಡವಾಗಿದ್ದನು. ಕೋಟೆಗಳನ್ನೆಲ್ಲ ಅವನು ಜರ್ಮನ್ ಕಿಲ್ಲೇದಾರರಿಗೆ ಒಪ್ಪಿಸಿದ್ದನು. ಫಿನ್ಲೆಂಡನ್ನೂ ಸೇರಿಸಿ ರಾಜ್ಯದ ಬಹುಭಾಗವನ್ನು ಜಹಗೀರಾಗಿ ಹೊಂದಿದ್ದ ಬೋ ಯೋನ್ಸನ್ ಗ್ರಿಪ್ 1386ರಲ್ಲಿ ಸತ್ತಾಗ, ಆ ಆಸ್ತಿಯ ಮೇಲೆ ಅರಸನು ಕಣ್ಣಿಟ್ಟನು. ಮೃತನ ಆಸ್ತಿಯ ಆಡಳಿತಗಾರರು 1388ರ ಮಾರ್ಚಿನಲ್ಲಿ ದಾಲಾಬೋರ್ಗ್ ಕೋಟೆಯಲ್ಲಿ ಮಾರ್ಗರೇಟಳೊಡನೆ ಕರಾರು ಮಾಡಿಕೊಂಡು ಕೋಟೆಗಳನ್ನು ಆಕೆಗೆ ಒಪ್ಪಿಸಿದರು. ಆಲ್‌ಬ್ರೆಕ್ಟನು ಆಕೆಯನ್ನು ಚಲ್ಲಣವಿಲ್ಲದ ಅರಸನೆಂದು ಹಳಿದು, ಸೂಜಿ ಮಸೆದುಕೊಳ್ಳಲೆಂದು ಒಂದು ಸಾಣೆಕಲ್ಲನ್ನು ಕಳುಹಿಸಿದನೆಂಬ ಕಥೆಯೊಂದು ಆ ನಾಡಿನಲ್ಲಿದೆ. ಅದು ಜನರ ಬಾಯಿಯ ಮಾತು. ಇತಿಹಾಸವು ಬಲ್ಲ ಉತ್ತರ ಬೇರೆ. 1389ರ ಫೆಬ್ರವರಿ 24ರಂದು ಫಾಲ್‌ಶೋಪಿಂಗ್ ಸಮೀಪದ ಓಸ್ಲೆಯಲ್ಲಿ ರಾಣಿಯ ದಂಡು ಅವನನ್ನು ಸೋಲಿಸಿ ಸೆರೆಹಿಡಿಯಿತು. ಸ್ಕೋನೆಯ ಲಿಂಡ್‌ಹೋಲ್ಮ್ ಕೋಟೆಯಲ್ಲಿ ಅವನು ಆರು ವರ್ಷ ಬಂದಿಯಾಗಿದ್ದನು.

ಅರಸನು ಸೆರೆಯಾದರೂ ಸ್ಟಾಕ್‌ಹೋಮ್ ಮಣಿಯಲಿಲ್ಲ. ಅಲ್ಲಿಯ ಜರ್ಮನ್ ಪೌರರು ಬಾಗಿಲು ಮುಚ್ಚಿ ಕುಳಿತರು. ಅವರಿಗೆ ಆಹಾರ ಸಾಗಿಸಲೆಂದು ಮೆಕ್ಲೆನ್‌ಬರ್ಗಿನವರು ನೆರವು ಕೊಟ್ಟ ಕಡಲಾಳುಗಳು ಬರಬರುತ್ತ ಬರಿಯ ಕಡಲ್ಗಳ್ಳರಾಗಿ, 1393ರಲ್ಲಿ ಬರ್ಗೆನ್ನನ್ನೇ ಕೊಳ್ಳೆ ಹೊಡೆದರು, ಗಾಟ್ಲೆಂಡ್ ದ್ವೀಪವನ್ನು ತಮ್ಮ ಬಿಡಾರವನ್ನಾಗಿ ಮಾಡಿಕೊಂಡರು. ಬಾಲ್ಟಿಕ್ ಕಡಲಿನ ವ್ಯಾಪಾರವೇ ನಿಂತುಹೋಗುವ ಸ್ಥಿತಿ ಬಂದಾಗ ಹಾನ್ಸ ಪಟ್ಟಣಗಳೇ ಸಂಧಿಗೆ ಮುಂದಾದುವು. 1395ರ ಒಪ್ಪಂದದಂತೆ ಆಲ್‌ಬ್ರೆಕ್ಟನು ಬಿಡುಗಡೆ ಹೊಂದಿದನು. ಮೂರು ವರ್ಷಗಳಲ್ಲಿ 60,000 ಮಾರ್ಕ್ ಬೆಳ್ಳಿಯನ್ನು ಸಲ್ಲಿಸದಿದ್ದರೆ ಸ್ಟಾಕ್‌ಹೋಮ್ ರಾಣಿಗೆ ಸೇರಬೇಕೆಂದು ಗೊತ್ತಾಯಿತು. ಹಣ ಬರಲಿಲ್ಲ, 1398ರಲ್ಲಿ ನಗರವು ಆಕೆಯ ಕೈಸೇರಿತು. ಅಷ್ಟರಲ್ಲಿ ಟ್ಯೂಟನ್ ವೀರಸಂಘದವರ ವಶವಾಗಿದ್ದ ಗಾಟ್ಲೆಂಡನ್ನು ಆಕೆ 1408ರಲ್ಲಿ ದುಡ್ಡು ತೆತ್ತು ಬಿಡಿಸಿಕೊಂಡಳು. ಒತ್ತೆ ಬಿಡಿಸುವ ವಿದ್ಯೆ ಮನೆತನದಿಂದ ಬಂದುದಲ್ಲವೆ!

ಮೂರು ರಾಜ್ಯಗಳು ಒಬ್ಬಳ ಅಧೀನವಾದುವು. ಆದರೆ ಒಬ್ಬಳ ಆಯುಷ್ಯದೊಡನೆ ಮುಗಿಯುವ ಐಕ್ಯವು ಐಕ್ಯವೇ ಅಲ್ಲವೆಂಬುದನ್ನು ಆಕೆ ಅರಿತಿದ್ದಳು. ಅಕ್ಕನ ಮಗಳ ಮಗನಾದ, ಪೊಮೆರೇನಿಯದ ಬೊಗಿಸ್ಲಾವ್ ಎಂಬ ಬಾಲಕನನ್ನು ಸಾಕಿಕೊಂಡು, ಉತ್ತರದವರ ಕಿವಿಗೆ ಹಿತವಾಗುವಂತೆ ಎರಿಕ್ ಎಂದು ಹೆಸರಿಟ್ಟಳು. ಅವನನ್ನು 1389ರಲ್ಲಿ ನಾರ್ವೆಗೂ 1396ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್‌ಗಳಿಗೂ ಅರಸನೆಂದು ಒಪ್ಪಿಸಿದಳು. 1397ರ ಜೂನ್ 17ರಂದು, ಅಂದಿನ ಡೆನ್ಮಾರ್ಕಿನ ಎಲ್ಲೆಗೆ ಸಮೀಪದಲ್ಲಿದ್ದ ಸ್ವೀಡನ್ನಿನ ಕಾಲ್ಮಾರ್ ಪಟ್ಟಣದಲ್ಲಿ ಮೂರು ದೇಶಗಳ ಮುಖಂಡರೂ ನೆರೆದು ಎರಿಕನಿಗೆ ಕಿರೀಟ ತೊಡಿಸಿದರು. ಫಿನ್ಲೆಂಡ್ ಸ್ವೀಡನ್ನಿನೊಡನೆಯೂ, ಐಸ್ಲೆಂಡ್ ನಾರ್ವೆಯೊಡನೆಯೂ ಈ ಕೂಟದೊಳಗೆ ಬಂದುವು.

ಅಲ್ಲಿ ಬರೆಯಲ್ಪಟ್ಟ ಐಕ್ಯಪತ್ರದ ತಾರೀಖು ಜುಲೈ 20. ಮೂರು ರಾಜ್ಯಗಳಿಗೂ ಇನ್ನು ಮುಂದೆ ಒಬ್ಬನೇ ಅರಸನಿರತಕ್ಕದ್ದು; ಒಂದರ ಮೇಲೆ ಶತ್ರುವು ಬಿದ್ದರೆ ಉಳಿದೆರಡೂ ನೆರವಿಗೆ ಬರತಕ್ಕದ್ದು; ಒಂದರಲ್ಲಿ ಗಡೀಪಾರಾದವನಿಗೆ ಇನ್ನೊಂದರಲ್ಲಿ ಆಶ್ರಯವಿರಕೂಡದು; ಆದರೆ ಪ್ರತಿಯೊಂದು ರಾಜ್ಯವೂ ತನ್ನ ತನ್ನ ಕಾನೂನಿನಂತೆಯೇ ಆಳಲ್ಪಡಬೇಕು. ಇಷ್ಟು ಅದರ ಸಾರಾಂಶ. ವಿಚಿತ್ರವೆಂದರೆ ಇಂತಹ ಮಹತ್ವದ ಲೇಖವು ಚರ್ಮಪತ್ರದ ಮೇಲಿಲ್ಲ, ಬರಿಯ ಕಾಗದದ ಮೇಲಿದೆ. ಹದಿನೇಳು ಮಂದಿಯ ಹೆಸರಿದ್ದರೂ ಮುದ್ರೆ ಒತ್ತಿದವರು ಹತ್ತು ಮಂದಿ ಮಾತ್ರ. ಚರ್ಮಪತ್ರದ ಮೇಲೆ ಆರು ಪ್ರತಿಗಳನ್ನು ಸಿದ್ಧಪಡಿಸಬೇಕೆಂದು ಅದರಲ್ಲಿಯೇ ಹೇಳಿದ್ದರೂ ಅವು ಎಲ್ಲಿಯೂ ಕಂಡುಬಂದಿಲ್ಲ. ಅದು ಶಾಸನವೋ ಬರಿಯ ಕರಡೋ ಎಂದು ಪಂಡಿತರು ಇಂದಿಗೂ ವಾದಿಸುತ್ತಿದ್ದಾರೆ. ರಾಣಿಗೆ ಕೈಕಟ್ಟುವ ಬರಹಕ್ಕಿಂತ ಕೈಯಲ್ಲಿರುವ ಅಧಿಕಾರವೇ ಪ್ರಿಯವಾಗಿತ್ತೆಂದು ನಮಗೆ ತೋರುತ್ತದೆ.

ಆಕೆಯ ಆಡಳಿತದ ರೀತಿಯನ್ನು ನೋಡಿದರೆ ಈ ಊಹೆಗೆ ಬಲ ಬರುತ್ತದೆ. ಎರಿಕನು ಪ್ರಾಯಕ್ಕೆ ಬಂದ ಮೇಲೆಯೂ ಸೂತ್ರವು ಆಕೆಯ ಕೈಯಲ್ಲಿಯೇ ಇದ್ದಿತು. 1405ರಲ್ಲಿ ಅವನು ನಾರ್ವೆಗೆ ಹೊರಟಾಗ, ಹೇಗೆ ನಡೆದುಕೊಳ್ಳಬೇಕು, ಯಾವುದನ್ನು ತಾನು ಬರುವವರೆಗೆ ಮುಂದೂಡಬೇಕು ಎಂಬುದನ್ನೆಲ್ಲ ಆಕೆ ವಿವರವಾಗಿ ಬರೆಸಿಕೊಟ್ಟಳು. ದೊಡ್ಡ ಅಧಿಕಾರಪದವಿಗಳು ತೆರವಾದರೆ ತುಂಬುತ್ತಿರಲಿಲ್ಲ. 1396ರಲ್ಲಿ ನ್ಯೂಶೋಪಿಂಗಿನ ಸಭೆಯಲ್ಲಿ, ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಸರದಾರರ ಕೈಸೇರಿದ್ದ ರಾಜಭೂಮಿಯನ್ನು ಸ್ವೀಡನ್ನಿನಲ್ಲಿ ಮರಳಿ ಪಡೆಯುವ ನಿರ್ಣಯ ಮಾಡಿಸಿದಳು. ಬರಿದಾಗಿದ್ದ ಬೊಕ್ಕಸಗಳು ತುಂಬಿದುವು. ಕಡಲಿನಲ್ಲಿ ಶಾಂತಿ ನೆಲೆಸಿತು. ಹಾನ್ಸ ಪಟ್ಟಣಗಳ ಹಳೆಯ ಹಕ್ಕುಗಳನ್ನು ಮುರಿಯದೆ, ಅವುಗಳಿಗೆ ಹೊಸದೇನನ್ನೂ ಸುಲಭವಾಗಿ ಕೊಡದೆ, ನಯದಿಂದ ನಡೆದುಕೊಂಡಳು. 1406ರಲ್ಲಿ ಎರಿಕನಿಗೆ ಇಂಗ್ಲೆಂಡಿನ ರಾಜಕುಮಾರಿ ಫಿಲಿಪ್ಪಾಳನ್ನು ತಂದು, ಜರ್ಮನ್ ಕರಾವಳಿಯ ಆಚೆಯೂ ಒಬ್ಬ ನಂಟನನ್ನು ಸಂಪಾದಿಸಿಕೊಂಡಳು. 1411ರಲ್ಲಿ, ಯುದ್ಧಗಳ ಕಾಲದಲ್ಲಿ ಮಾನಭಂಗಕ್ಕೆ ಗುರಿಯಾದ ಸ್ತ್ರೀಯರಿಗೆ ಹಣ ಹಂಚಬೇಕೆಂದು ಏರ್ಪಾಡು ಮಾಡಿದಳು. ಗೆದ್ದ ಅರಸರು ದೇವಾಲಯಗಳಿಗೆ ದತ್ತಿ ಬಿಡುವುದನ್ನು ಕೇಳಿದ್ದೇವೆ. ಗೆಲುವಿನ ದಾರಿಯಲ್ಲಿ ನೊಂದವರ ಲೆಕ್ಕವನ್ನು ಇಟ್ಟವರು ಎಷ್ಟು ಮಂದಿ?

ಆದರೆ ಹೊಗಳಿಕೆಯ ಭರದಲ್ಲಿ ದೋಷವನ್ನು ಮುಚ್ಚುವುದು ನಮ್ಮ ಧರ್ಮವಲ್ಲ. ಆಲ್‌ಬ್ರೆಕ್ಟನು ಜರ್ಮನ್ ಕಿಲ್ಲೇದಾರರನ್ನು ಇಟ್ಟನೆಂದೇ ಸ್ವೀಡನ್ನಿನವರು ಅವನನ್ನು ಹೊರದೂಡಿದ್ದರು. ಅದೇ ಕೋಟೆಗಳಲ್ಲಿ ಮಾರ್ಗರೇಟ್ ಡೇನರನ್ನೂ ಜರ್ಮನರನ್ನೂ ತಂದು ಕೂರಿಸಿದಳು. ತೆರಿಗೆಯು ಭಾರವಾಯಿತು, ಸ್ವೀಡನ್ನಿನ ದುಡ್ಡು ಡೆನ್ಮಾರ್ಕಿಗೆ ಹೋಗುತ್ತಿದೆಯೆಂಬ ಗೊಣಗು ಎದ್ದಿತು. ಆಕೆಯ ಜಾಣ್ಮೆಯೂ ಮೃದುವಾದ ಮಾತೂ ಆ ಗೊಣಗನ್ನು ಅಡಗಿಸಿಟ್ಟುವೇ ಹೊರತು ಅದರ ಬೇರನ್ನು ಕೀಳಲಿಲ್ಲ.

ಕೊನೆಯ ಚಿಂತೆಯೆಲ್ಲ ಶ್ಲೆಸ್ವಿಗ್ ಸೀಮೆಯದು. 1386ರಲ್ಲಿ ಇಕ್ಕಟ್ಟಿನ ಕಾಲದಲ್ಲಿ ಆಕೆ ಅದನ್ನು ಹೋಲ್‌ಸ್ಟೈನಿನ ಪ್ರಭುಗಳಿಗೆ ಮಾಂಡಲಿಕ ಸೀಮೆಯಾಗಿ ಬಿಟ್ಟುಕೊಟ್ಟಿದ್ದಳು. ಅದನ್ನು ಮರಳಿ ಪಡೆಯುವ ಯತ್ನದಲ್ಲಿಯೇ ಇದ್ದಾಗ, 1412ರ ಅಕ್ಟೋಬರ್ 28ರಂದು, ಫ್ಲೆನ್ಸ್‌ಬೋರ್ಗ್ ಬಂದರದಲ್ಲಿ ತನ್ನ ಹಡಗಿನ ಮೇಲೆಯೇ ಕಣ್ಣುಮುಚ್ಚಿದಳು. ಆಗ ಆಕೆಗೆ ಐವತ್ತೊಂಬತ್ತು ವರ್ಷ. ಮೊದಲು ಸೋರೋ ಮಠದಲ್ಲಿ ಹೂಳಲ್ಪಟ್ಟ ದೇಹವನ್ನು ಮರುವರ್ಷ ರೋಸ್ಕಿಲ್ಡೆಗೆ ತಂದರು.

ಆಕೆಯು ಕಟ್ಟಿದುದನ್ನು ಎರಿಕನು ಉಳಿಸಿಕೊಳ್ಳಲಿಲ್ಲ. ಶ್ಲೆಸ್ವಿಗ್ಗಿಗಾಗಿ ಅವನು ಎರಡು ದಶಕಗಳಷ್ಟು ಕಾಲ ಹೋಲ್‌ಸ್ಟೈನಿನವರೊಡನೆಯೂ, ಬಳಿಕ ಹಾನ್ಸ ಪಟ್ಟಣಗಳೊಡನೆಯೂ ಕಾದಿದನು. ಹಾನ್ಸದವರು ತಮ್ಮ ಹಳೆಯ ಆಯುಧವನ್ನೇ ಎತ್ತಿದರು. ಕಡಲ ದಾರಿಯನ್ನು ಮುಚ್ಚಿದರು. ಸ್ವೀಡನ್ನಿನ ಗಣಿಗಳ ಕಬ್ಬಿಣ ಹೊರಗೆ ಹೋಗಲಿಲ್ಲ, ಉಪ್ಪು ಒಳಗೆ ಬರಲಿಲ್ಲ. ಡೆನ್ಮಾರ್ಕಿನ ಒಂದು ಸೀಮೆಯ ಜಗಳಕ್ಕೆ ಸ್ವೀಡನ್ನಿನ ಗಣಿಯಾಳು ಏಕೆ ಉಪವಾಸ ಬೀಳಬೇಕು? 1434ರಲ್ಲಿ ಎಂಗೆಲ್‌ಬ್ರೆಕ್ಟ್ ಎಂಬ ಗಣಿಯೊಡೆಯನ ಮುಂದಾಳುತನದಲ್ಲಿ ದಂಗೆ ಎದ್ದಿತು, ಪರದೇಶದ ಅಧಿಕಾರಿಗಳ ಕೋಟೆಗಳು ಉರಿದುವು. 1439ರಲ್ಲಿ ಎರಿಕನು ಡೆನ್ಮಾರ್ಕ್, ಸ್ವೀಡನ್‌ಗಳೆರಡರಲ್ಲಿಯೂ ಪಟ್ಟ ಕಳೆದುಕೊಂಡನು. ಕೂಟವು ಬಿಟ್ಟು ಬಿಟ್ಟು ಉಸಿರಾಡುತ್ತ ಉಳಿದು, 1520ರ ನವೆಂಬರಿನಲ್ಲಿ ಇಮ್ಮಡಿ ಕ್ರಿಶ್ಚಿಯನ್ ದೊರೆಯು ಸ್ಟಾಕ್‌ಹೋಮಿನಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಯ ತಲೆ ತೆಗೆಸಿದ ಮೇಲೆ, 1523ರಲ್ಲಿ ಗುಸ್ತಾವ್ ವಾಸಾನು ಸ್ವೀಡನ್ನಿನ ಅರಸನಾಗುವುದರೊಡನೆ ಮುರಿದುಬಿದ್ದಿತು. ಆಮೇಲೆ ಸುಮಾರು ಮುನ್ನೂರು ವರ್ಷ ಅಣ್ಣತಮ್ಮಂದಿರು ಹೊಡೆದಾಡಿದರು.

ಅವರು ಮತ್ತೆ ಹತ್ತಿರ ಬಂದ ಬಗೆ ಬೇರೆ. 1905ರಲ್ಲಿ ನಾರ್ವೆಯು ಸ್ವೀಡನ್ನಿನಿಂದ ರಕ್ತಪಾತವಿಲ್ಲದೆ ಬೇರೆಯಾಯಿತು. ಬಿಡಿಯಾಗಿ ನಿಲ್ಲುವ ಹಕ್ಕು ಸಿದ್ಧವಾದ ಮೇಲೆಯೇ ಜೊತೆಯಾಗಿ ನಡೆಯುವ ಮನಸ್ಸು ಬಂದಿತು. 1914ರ ಡಿಸೆಂಬರಿನಲ್ಲಿ ಮೂವರು ದೊರೆಗಳು ಮಾಲ್ಮೋದಲ್ಲಿ ಕೂಡಿ ತಾಟಸ್ಥ್ಯವನ್ನು ಕುರಿತು ಆಲೋಚಿಸಿದರು. 1939ರಲ್ಲಿ ಫಿನ್ಲೆಂಡಿನ ಮೇಲೆ ರಷ್ಯವೂ, 1940ರ ಏಪ್ರಿಲ್ 9ರಂದು ಡೆನ್ಮಾರ್ಕ್, ನಾರ್ವೆಗಳ ಮೇಲೆ ಜರ್ಮನಿಯೂ ಬಿದ್ದಾಗ ಒಬ್ಬೊಬ್ಬರಾಗಿ ಪೆಟ್ಟು ತಿಂದರು. ಯುದ್ಧಾನಂತರ ತಮ್ಮದೇ ರಕ್ಷಣಾಕೂಟದ ಮಾತುಕತೆ ನಡೆದು 1949ರಲ್ಲಿ ಮುರಿದುಹೋಯಿತು. ಆದರೂ ಕೈಬಿಡಲಿಲ್ಲ: 1952ರಲ್ಲಿ ನಾರ್ಡಿಕ್ ಮಂಡಲಿ, 1954ರಲ್ಲಿ ಒಂದು ದೇಶದವನು ಇನ್ನೊಂದರಲ್ಲಿ ತಡೆಯಿಲ್ಲದೆ ದುಡಿಯುವ ಹಕ್ಕು, 1962ರಲ್ಲಿ ಹೆಲ್ಸಿಂಕಿಯ ಒಡಂಬಡಿಕೆ, 2009ರಲ್ಲಿ ಸೈನಿಕ ಸಹಕಾರದ ಏರ್ಪಾಡು ಮತ್ತು ವಿಪತ್ತಿನ ಕಾಲಕ್ಕಾಗಿ ಹಾಗಾ ಘೋಷಣೆ. ವಿದ್ಯುತ್ತನ್ನು ಕೂಡ ಹಂಚಿಕೊಂಡು ಉಪಯೋಗಿಸುವುದನ್ನು ಕಲಿತರು. 2022ರಲ್ಲಿ ಯುಕ್ರೇನಿನ ಮೇಲೆ ರಷ್ಯವು ದಂಡೆತ್ತಿದ ಬಳಿಕ ಉಳಿದಿದ್ದ ಒಂದು ಹೆಜ್ಜೆಯೂ ಮುಗಿಯಿತು. ಮಾರ್ಗರೇಟಳ ಹೆಸರನ್ನೇ ಹೊತ್ತು, ಆಕೆಯ ಲೆಕ್ಕದಿಂದ ಇಮ್ಮಡಿಯೆನಿಸಿಕೊಂಡ ಡೆನ್ಮಾರ್ಕಿನ ರಾಣಿಯು 2024ರ ಜನವರಿ 14ರಂದು ಸಿಂಹಾಸನವನ್ನು ಮಗನಿಗೆ ಬಿಟ್ಟುಕೊಟ್ಟ ಎರಡು ತಿಂಗಳೊಳಗಾಗಿಯೇ ಸ್ವೀಡನ್ನಿನ ಬಾವುಟ ನೇಟೊ ಒಕ್ಕೂಟದಲ್ಲಿ ಏರಿತೆಂಬುದು ಕಾಕತಾಳೀಯವಾದರೂ ಮನಸ್ಸಿಗೆ ನಾಟುವಂತಹದು.

ಮಾರ್ಗರೇಟ್ ಕಂಡುಕೊಂಡ ಸತ್ಯವು ದೊಡ್ಡದು. ಬಿಡಿಬಿಡಿಯಾದ ನೆರೆಹೊರೆಯನ್ನು ಹಸಿವಿನಿಂದಲೂ ಸಾಲದಿಂದಲೂ ಮಣಿಸಬಹುದು, ಕೂಡಿದ ನೆರೆಹೊರೆಯನ್ನು ಮಣಿಸುವುದು ಕಷ್ಟ. ಅದನ್ನು ಆಕೆ ತನ್ನ ಬಡತನದ ಅಡಿಗೆಮನೆಯಲ್ಲಿಯೇ ಕಲಿತಳು. ಆದರೆ ಆಕೆಯ ಕೂಟದಲ್ಲಿ ಕೂಡಿದುದು ಕಿರೀಟಗಳು. ಕಿಲ್ಲೇದಾರನ ಕೈಗೆ ತೆರಿಗೆ ತೆರುವ ಒಕ್ಕಲಿಗನನ್ನು ಯಾರೂ ಕೇಳಲಿಲ್ಲ. ಭಾರವು ಒಬ್ಬನದು, ಲಾಭವು ಇನ್ನೊಬ್ಬನದು ಎಂದು ಜನರಿಗೆ ತೋರಿದ ದಿನ ಎಂತಹ ಮುದ್ರೆಯ ಕಾಗದವೂ ಹರಿಯುತ್ತದೆ. ಇಂದಿನ ಉತ್ತರದೇಶಗಳು ಒಬ್ಬ ಅರಸನಿಲ್ಲದೆ, ಒಬ್ಬ ಯಜಮಾನನಿಲ್ಲದೆ, ತಮ್ಮ ತಮ್ಮ ಸಭೆಗಳ ಒಪ್ಪಿಗೆಯಿಂದ ಕೂಡಿವೆ. ಕಾಲ್ಮಾರಿನ ಕಾಗದದಲ್ಲಿದ್ದ ಎರಡು ಮಾತುಗಳನ್ನು, ಅಂದರೆ ಒಬ್ಬರ ಕಷ್ಟಕ್ಕೆ ಎಲ್ಲರೂ ಎಂಬುದನ್ನೂ ಪ್ರತಿಯೊಬ್ಬರಿಗೂ ತಮ್ಮದೇ ಕಾನೂನು ಎಂಬುದನ್ನೂ, ಅವು ಒಟ್ಟಿಗೆ ಉಳಿಸಿಕೊಳ್ಳುವಷ್ಟು ಕಾಲ ಅವುಗಳ ಕೂಟವೂ ಉಳಿಯುವುದು. ರೋಸ್ಕಿಲ್ಡೆಯಲ್ಲಿ ಮಲಗಿರುವ ರಾಣಿಯು ಮೊದಲನೆಯದನ್ನು ತನ್ನ ಬಾಳಿನಿಂದ ಕಲಿಸಿದಳು. ಎರಡನೆಯದನ್ನು ಆಕೆಯ ಕೂಟದ ಅಳಿವು ಕಲಿಸಿತು.